ಬ್ಲ್ಯಾಕ್ ಟಿಕೆಟ್ಟಿಗೆ ಹೋದ ಕಪ್ಲರ್ ದುಡ್ಡು!

ಗೆಳೆಯರೇ, ಮೊದಲೇ ಹೇಳಿಬಿಡ್ತೀನಿ. ಈ ವಾರ ಯಾವ ನಟಿಯ ಮದುವೆ ಸುದ್ದಿಯೂ ಇಲ್ಲ, ಯಾವ ನಾಯಕನ ಮುನಿಸಿನ ಕಥೆಯೂ ಇಲ್ಲ. ಇದು ಒಂದು ಕಾರು, ಒಂದು ಹಾಡಿನ ಸೆಟ್ಟು, ಒಂದು ಕಟಿಂಗ್ ಪ್ಲೇಯರು ಮತ್ತು ಒಂದು ಕಳ್ಳತನದ ಕಥೆ. ಕಳ್ಳ ಬೇರೆ ಯಾರೂ ಅಲ್ಲ, ಇದನ್ನು ಬರೆಯುತ್ತಿರುವ ನಾನೇ!

ಹತ್ತು ವರ್ಷದ ಹಿಂದಿನ ಮಾತು. ಪಿ.ಯು.ಸಿ.ಗೆ ಅರ್ಧದಲ್ಲೇ ಕೈಮುಗಿದು ಮನೆಗೆ ಬಂದಿದ್ದೆ. ಅಕೌಂಟೆನ್ಸಿ ಪುಸ್ತಕದೊಳಗೆ ಸಿನಿಮಾ ಪತ್ರಿಕೆ ಇಟ್ಟುಕೊಂಡು ಓದುವವನಿಗೆ ಡೆಬಿಟ್ ಯಾವುದು, ಕ್ರೆಡಿಟ್ ಯಾವುದು ಅಂತ ಹೇಗೆ ತಿಳಿಯಬೇಕು? ಅಪ್ಪ ಒಂದು ವಾರ ಮಾತು ಬಿಟ್ಟರು. ಎಂಟನೆಯ ದಿನ ನನ್ನ ಸೋದರಮಾವ ಬಂದು, “ಮನೇಲಿ ಸುಮ್ನೆ ಕೂತ್ರೆ ತುಕ್ಕು ಹಿಡೀತೀಯ, ನಡಿ” ಅಂತ ಕರೆದುಕೊಂಡು ಹೋಗಿ ಜೆ.ಸಿ. ರಸ್ತೆಯ ಒಂದು ಅಂಗಡಿಗೆ ಸೇರಿಸಿದರು.

ಜೆ.ಸಿ. ರಸ್ತೆ ನಿಮಗೆ ಗೊತ್ತಲ್ಲ? ಟೌನ್‌ಹಾಲ್ ಹತ್ತಿರ ಬಸ್ ಇಳಿದು, ರವೀಂದ್ರ ಕಲಾಕ್ಷೇತ್ರ ದಾಟಿ, ಮಿನರ್ವ ಸರ್ಕಲ್ ಕಡೆ ನಡೆದುಹೋದರೆ ಸೀಟ್ ಕವರು, ಹಾರನ್ನು, ಹೆಡ್‌ಲೈಟು, ಸ್ಪೀಕರು... ಕಾರಿನ ಮೈಮೇಲೆ ಹೇರಬಹುದಾದ ಒಡವೆಗಳೆಲ್ಲ ಅಲ್ಲಿ ಸಿಗುತ್ತವೆ. ನಾಯಕಿಗೆ ಮೇಕಪ್ ರೂಮು ಹೇಗೋ ಕಾರಿಗೆ ಜೆ.ಸಿ. ರಸ್ತೆ ಹಾಗೆ. ನನ್ನದು ಹೆಲ್ಪರ್ ಕೆಲಸ. ದಿನಕ್ಕೆ ಎರಡು ಟೀ, ತಿಂಗಳಿಗೆ ಆರು ಸಾವಿರ. ಆರು ತಿಂಗಳಲ್ಲಿ ವೈರನ್ನು ಹಲ್ಲಿನಲ್ಲೇ ಸುಲಿಯುವುದನ್ನು ಕಲಿತೆ. ನಾನೇ ದೊಡ್ಡ ಮೇಸ್ತ್ರಿ ಅಂದುಕೊಂಡೆ.

ಮಾವನ ಮನೆ ಕೆಂಪಾಪುರದಲ್ಲಿ. ಹೆಬ್ಬಾಳದ ಫ್ಲೈಓವರ್ ದಾಟಿದರೆ ಬಳ್ಳಾರಿ ರಸ್ತೆಯ ಪಕ್ಕದಲ್ಲೇ ಇದೆ. ಒಂದು ಕಾಲಕ್ಕೆ ಹೊಲ, ಕೆರೆ ಅಂತ ಇದ್ದ ಹಳ್ಳಿ. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ಕಡೆ ಹೊಸ ವಿಮಾನ ನಿಲ್ದಾಣ ಶುರುವಾದ ಮೇಲೆ ಆ ದಾರಿಯ ಹಣೆಬರಹವೇ ಬದಲಾಯಿತು. ಹಗಲೂ ರಾತ್ರಿಯೂ ಟ್ಯಾಕ್ಸಿಗಳು. ಬೇರೆಯವರ ಗಾಡಿ ಓಡಿಸುತ್ತಿದ್ದ ಮಾವ 2015ರಲ್ಲಿ ಸಾಲ ಮಾಡಿ ಹಳದಿ ಬೋರ್ಡಿನ ಸ್ವಂತ ಗಾಡಿ ತಂದರು. ಬೇಸ್ ಮಾಡೆಲ್ಲು. ಕಿಟಕಿಗೆ ಕೈಯಲ್ಲೇ ತಿರುಗಿಸೋ ಹಿಡಿ. ಸೆಟ್ ಇರಬೇಕಾದ ಜಾಗದಲ್ಲಿ ಒಂದು ಕರಿ ಮುಚ್ಚಳ.

“ಹಾಡಿಲ್ದೆ ರಾತ್ರಿ ಗಾಡಿ ಓಡ್ಸಕ್ಕಾಗಲ್ಲ ಕಣೋ” ಅಂದರು ಮಾವ. “ಮೂರು ಗಂಟೆ ಹೊತ್ತಿಗೆ ಕಣ್ಣು ಎಳೆಯುತ್ತೆ. ಅಣ್ಣಾವ್ರ ಹಾಡು ಇದ್ರೆ ಯಾರೋ ಪಕ್ಕದಲ್ಲಿ ಕೂತು ಮಾತಾಡ್ಸಿದಂಗಿರುತ್ತೆ.”

“ನಮ್ಮ ಅಂಗಡಿಗೇ ತನ್ನಿ ಮಾವ, ನಾನೇ ಹಾಕ್ತೀನಿ” ಅಂದೆ. ಎಂಥ ಡೈಲಾಗು!

ಆ ಶುಕ್ರವಾರ

ಮಾವ ಗಾಡಿ ತಂದದ್ದು 2015ರ ಆಗಸ್ಟ್ 14, ಶುಕ್ರವಾರ. ತಾರೀಖು ಇಷ್ಟು ಚೆನ್ನಾಗಿ ಹೇಗೆ ನೆನಪಿದೆ ಅಂತೀರಾ? ಅವತ್ತು ‘ಉಪ್ಪಿ 2’ ಬಿಡುಗಡೆ! ಉಪೇಂದ್ರ ತಾವೇ ನಿರ್ದೇಶಿಸಿ ತಾವೇ ನಟಿಸಿದ್ದ ಚಿತ್ರ. ಕೆ.ಜಿ. ರಸ್ತೆಯಲ್ಲಿ ಬೆಳಿಗ್ಗೆಯಿಂದಲೇ ಜಾತ್ರೆ. ಗೆಳೆಯರಿಂದ ಫೋನಿನ ಮೇಲೆ ಫೋನು: “ಫಸ್ಟ್ ಶೋಗೆ ಒಂದೇ ಟಿಕೆಟ್ ಇದೆ, ಬ್ಲ್ಯಾಕಲ್ಲಿ ಮುನ್ನೂರು. ಆರು ಗಂಟೆ ಒಳಗೆ ಬಂದ್ರೆ ನಿಂದು, ಇಲ್ದಿದ್ರೆ ಬೇರೆಯೋರ್ದು.”

ನನ್ನ ಜೇಬಿನಲ್ಲಿದ್ದದ್ದು ಬಸ್ಸಿನ ಚಿಲ್ಲರೆ.

ಅದೇ ಹೊತ್ತಿಗೆ ಅಂಗಡಿ ಯಜಮಾನರು ನನ್ನ ಕೈಗೆ ಮುನ್ನೂರು ರೂಪಾಯಿ ಕೊಟ್ಟು, “ನಿಮ್ಮ ಮಾವನ ಗಾಡೀಗೆ ಹೊಂದೋ ಕಪ್ಲರ್ ನಮ್ಮಲ್ಲಿ ಖಾಲಿ. ಆ ಕಡೆ ಅಂಗಡೀಲಿ ತಗೊಂಡ್ ಬಾ” ಅಂದರು.

ಕಪ್ಲರ್ ಅಂದರೆ ಏನು ಅಂತ ಇಲ್ಲಿ ಹೇಳಬೇಕು. ಬೇಸ್ ಮಾಡೆಲ್ಲಾದರೂ ಆ ಗಾಡಿಯ ಮುಚ್ಚಳದ ಹಿಂದೆ ಕಂಪನಿಯವರೇ ಹಾಡಿನ ವೈರುಗಳನ್ನೆಲ್ಲ ಎಳೆದು, ತುದಿಗೆ ಒಂದು ಪ್ಲಾಸ್ಟಿಕ್ ಗೂಡು ಕೂರಿಸಿದ್ದರು. ಹೊರಗಿನಿಂದ ತಂದ ಸೆಟ್ಟಿನ ವೈರಿಗೆ ಬೇರೆ ಆಕಾರದ ಗೂಡು. ಇವೆರಡರ ನಡುವೆ ಕೂರುವ ಸೇತುವೆಯೇ ಕಪ್ಲರು. ಒಂದು ಕಡೆ ಗಾಡಿಗೆ ಹೊಂದುತ್ತೆ, ಇನ್ನೊಂದು ಕಡೆ ಸೆಟ್ಟಿಗೆ. ಟಕ್ ಅಂತ ಒತ್ತಿದರೆ ಮುಗೀತು. ಕಂಪನಿಯ ಒಂದು ವೈರನ್ನೂ ಮುಟ್ಟಬೇಕಾಗಿಲ್ಲ.

ನಾನು ಹೋದೆ, ಬೀದಿಯ ಆ ತುದಿಯಲ್ಲಿ ಒಂದು ಟೀ ಕುಡಿದೆ, ವಾಪಸ್ ಬಂದೆ. ಮುನ್ನೂರು ರೂಪಾಯಿ ಜೇಬಲ್ಲೇ ಇತ್ತು. ಯಜಮಾನರು ಗಿರಾಕಿ ಜೊತೆ ಮಾತಾಡ್ತಿದ್ದರು. ಕಟಿಂಗ್ ಪ್ಲೇಯರ್ ತೆಗೆದುಕೊಂಡು ಕಂಪನಿಯ ಗೂಡನ್ನು ಕಚಕ್ ಅಂತ ಕತ್ತರಿಸಿ ಎಸೆದೆ. ವೈರಿಗೆ ವೈರು ತಿರುಚಿ ಟೇಪ್ ಸುತ್ತಿದೆ. ಅರ್ಧ ಗಂಟೆಯಲ್ಲಿ ಅಣ್ಣಾವ್ರ ದನಿ ಬಂತು. ಮಾವ ನನ್ನ ಬೆನ್ನು ತಟ್ಟಿದರು. ಬಿಲ್ಲಿನಲ್ಲಿ ಕಪ್ಲರಿನ ಮುನ್ನೂರೂ ಸೇರಿತ್ತು, ಎಣಿಸಿ ಕೊಟ್ಟರು. ಆರು ಗಂಟೆಗೆ ನಾನು ಕೆ.ಜಿ. ರಸ್ತೆಯಲ್ಲಿ ಶಿಳ್ಳೆ ಹೊಡೀತಾ ಇದ್ದೆ!

ಹಳದಿ ವೈರು, ಕೆಂಪು ವೈರು

ಸೆಟ್ಟಿಗೆ ಕರೆಂಟು ಕೊಡುವ ವೈರು ಒಂದಲ್ಲ, ಎರಡು. ಹಳದಿ ವೈರು ಸೀದಾ ಬ್ಯಾಟರಿಯದು. ಗಡಿಯಾರ, ಹಿಡಿದಿಟ್ಟ ಸ್ಟೇಷನ್ನು ಮರೆಯದ ಹಾಗೆ ಸದಾ ಜೀವ ಇರುತ್ತೆ. ಕೆಂಪು ವೈರು ಬೀಗದ ಕೈಯದು. ಕೀ ತಿರುಗಿಸಿದಾಗ ಮಾತ್ರ ಕರೆಂಟು. ಕೀ ತೆಗೆದರೆ ಸೆಟ್ ತಾನಾಗಿ ಮಲಗೋದು ಈ ಕೆಂಪು ವೈರಿನಿಂದ. ಅವಸರದಲ್ಲಿ ನಾನು ಹಳದಿ, ಕೆಂಪು ಎರಡನ್ನೂ ಸೇರಿಸಿ ಬ್ಯಾಟರಿ ವೈರಿಗೇ ಕಟ್ಟಿಬಿಟ್ಟಿದ್ದೆ. ಕೀ ತೆಗೆದರೂ ಸೆಟ್ ಆರುತ್ತಿರಲಿಲ್ಲ. ಗುಂಡಿ ಒತ್ತಿಯೇ ಆರಿಸಬೇಕು.

ಸೆಪ್ಟೆಂಬರಿನಲ್ಲಿ ಗಣೇಶನ ಹಬ್ಬಕ್ಕೆ ಗಾಡಿ ಎರಡು ದಿನ ಮನೆ ಮುಂದೆ ನಿಂತಿತ್ತು. ಮಾವ ಫೋನ್ ಬಂತು ಅಂತ ಸೌಂಡನ್ನು ಸೊನ್ನೆಗೆ ಇಳಿಸಿದ್ದರು, ಆರಿಸೋದು ಮರೆತಿದ್ದರು. ಲೆಕ್ಕ ಹಾಕಿ ನೋಡಿ: ಸುಮ್ಮನಿರುವ ಸೆಟ್ಟು ಗಂಟೆಗೆ ಒಂದು ಆಂಪ್ ತಿಂದರೂ 48 ಗಂಟೆಗೆ 48. ಬ್ಯಾಟರಿಯಲ್ಲಿದ್ದದ್ದೇ 35. ಬೆಳಗಿನ ಮೂರೂವರೆಗೆ ಏರ್‌ಪೋರ್ಟ್ ಬಾಡಿಗೆ. ಗಾಡಿ ‘ಟಿಕ್’ ಅಂದು ಸುಮ್ಮನಾಯಿತು. ಬಾಡಿಗೆ ಹೋಯಿತು, ಗಿರಾಕಿಯೂ ಹೋದ.

ನಾನು ಹೋಗಿ ಮಳೆಯಲ್ಲಿ ಕೂತು ಮತ್ತೆ ವೈರು ಬಿಚ್ಚಿದೆ, ಮತ್ತೆ ತಿರುಚಿದೆ, ಮತ್ತೆ ಟೇಪು. ಈ ಸಲ ಫ್ಯೂಸ್ ಹೋಯಿತು. ಹೊಸದು ಹಾಕಿದೆ, ಅದೂ ಹೋಯಿತು. ಆಗ ನಾನು ಮಾಡಿದ ಕೆಲಸ ಕೇಳಿದರೆ ಮೇಸ್ತ್ರಿಗಳು ಈಗಲೂ ತಲೆ ಚಚ್ಚಿಕೊಳ್ಳುತ್ತಾರೆ. ನೀಲಿ ಬಣ್ಣದ 15 ಆಂಪ್ ಫ್ಯೂಸಿನ ಜಾಗದಲ್ಲಿ ಹಸಿರು ಬಣ್ಣದ 30 ಆಂಪ್ ತುರುಕಿದೆ. ಫ್ಯೂಸ್ ಹೋಗೋದು ನಿಂತಿತು. ಗೆದ್ದೆ ಅಂದುಕೊಂಡೆ!

ಗೆಳೆಯರೇ, ಫ್ಯೂಸ್ ಇರೋದು ಸೆಟ್ಟನ್ನು ಕಾಯೋದಕ್ಕಿಂತ ಹೆಚ್ಚಾಗಿ ವೈರನ್ನು ಕಾಯೋಕೆ. ಎಲ್ಲೋ ವೈರು ತಗಡಿಗೆ ತಾಗಿದರೆ ಮೊದಲು ಫ್ಯೂಸ್ ಸಾಯಬೇಕು, ಅದು ಅದರ ಧರ್ಮ. ನೀವು ಇನ್ನೂ ಗಟ್ಟಿ ಫ್ಯೂಸ್ ಹಾಕಿದರೆ ಅದು ಬದುಕುತ್ತೆ, ಅದರ ಬದಲು ವೈರು ಉರಿಯುತ್ತೆ.

ನವೆಂಬರಿನ ಒಂದು ರಾತ್ರಿ, ಸಾದಹಳ್ಳಿ ಟೋಲ್ ಹತ್ತಿರ ಉರಿಯಿತು. ಬಿಸಿಗೆ ಟೇಪಿನ ಅಂಟು ಇಳಿದು ಬರಿಯ ತಾಮ್ರ ಹೊರಗೆ ಬಂದು ಸೆಟ್ಟಿನ ತಗಡಿಗೆ ತಾಗಿತ್ತು. ಹಿಂದಿನ ಸೀಟಿನಲ್ಲಿ ಮಗುವಿನೊಂದಿಗೆ ಗಂಡ ಹೆಂಡತಿ. ಡ್ಯಾಶ್‌ಬೋರ್ಡಿನಿಂದ ಹೊಗೆ. ಮಾವ ಕೀ ಕಿತ್ತರು, ಹೊಗೆ ನಿಲ್ಲಲಿಲ್ಲ. ಹೇಗೆ ನಿಲ್ಲುತ್ತೆ? ಅದು ಬ್ಯಾಟರಿಯ ಸೀದಾ ವೈರು! ಅವರನ್ನೆಲ್ಲ ಇಳಿಸಿ, ಬಾನೆಟ್ ಎತ್ತಿ, ಬ್ಯಾಟರಿಯ ಟರ್ಮಿನಲ್ಲನ್ನು ಸ್ಪ್ಯಾನರ್ ಇಲ್ಲದೆ ಬರಿಗೈಯಲ್ಲೇ ಹಿಡಿದು ತಿರುಚಿ ಕಿತ್ತರು. ಯಾರಿಗೂ ಏನೂ ಆಗಲಿಲ್ಲ. ಮಾವನ ಬಲಗೈ ಹೆಬ್ಬೆರಳು ಮಾತ್ರ ಸುಟ್ಟಿತು. ಆ ಕಲೆ ಇನ್ನೂ ಇದೆ. ಸ್ಟೀರಿಂಗ್ ಹಿಡಿದಾಗ ಕಾಣುತ್ತೆ.

ಕಂಪನಿ ಸರ್ವೀಸಿಗೆ ಎಳೆದುಕೊಂಡು ಹೋದರೆ, “ಒರಿಜಿನಲ್ ವೈರಿಂಗ್ ಕತ್ತರಿಸಿದ್ದಾರೆ, ವಾರಂಟಿ ಬರಲ್ಲ” ಅಂದರು. ತಪ್ಪೇನೂ ಹೇಳಲಿಲ್ಲ. ಡ್ಯಾಶ್‌ಬೋರ್ಡಿನ ವೈರಿಂಗ್ ಪೂರ್ತಿ ಹೊಸದು: ಮೂವತ್ತೆಂಟು ಸಾವಿರ, ಇಪ್ಪತ್ತಮೂರು ದಿನ. ದುಡಿಯದ ಗಾಡಿಗೂ ಕಂತು ಕಟ್ಟಬೇಕಲ್ಲ? ಅತ್ತೆಯ ಬಳೆ ಗಿರವಿ ಅಂಗಡಿಗೆ ಹೋಯಿತು. ಸಿನಿಮಾದಲ್ಲಿ ಈ ದೃಶ್ಯ ಬಂದರೆ ‘ಹಳೇ ಕಥೆ ಗುರು’ ಅಂತ ನಾವು ಕೂಗ್ತೀವಿ. ಮನೆಯಲ್ಲಿ ಬಂದಾಗ ಕೂಗೋಕೆ ಆಗಲಿಲ್ಲ.

ನಾನು ಅಂಗಡಿ ಬಿಟ್ಟೆ. ‘ಟೇಪು ಸರಿ ಇರಲಿಲ್ಲ’ ಅಂತ ಮಾವನಿಗೆ ಹೇಳಿದೆ. ಮುನ್ನೂರು ರೂಪಾಯಿಯ ವಿಷಯ ಯಾರಿಗೂ ಹೇಳಲಿಲ್ಲ.

ರೀಲು ಕತ್ತರಿಸಿದ ಹಾಗೆ

ಆಮೇಲೆ ಯಶವಂತಪುರದಲ್ಲಿ ವಯಸ್ಸಾದ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಒಂದು ವರ್ಷ ಇದ್ದೆ. ಅವರ ಪೆಟ್ಟಿಗೆಯಲ್ಲಿ ಕಟಿಂಗ್ ಪ್ಲೇಯರ್ ತಳದಲ್ಲಿ ಇರುತ್ತಿತ್ತು, ಮೀಟರ್ ಮೇಲೆ. “ನೆಂಟಸ್ತನ ಬೆಳೆಸೋಕೆ ಬಂದೋನು ಗೋಡೆ ಒಡೀಬಾರ್ದು, ಬಾಗಿಲು ತಟ್ಬೇಕು” ಅನ್ನುತ್ತಿದ್ದರು. “ಕಂಪನಿಯೋನು ಬಾಗಿಲು ಇಟ್ಟೇ ಕಳ್ಸಿರ್ತಾನೆ. ಹುಡುಕೋ ತಾಳ್ಮೆ ನಮಗಿರಲ್ಲ.”

ಅಪ್ಪ ಹೇಳುತ್ತಿದ್ದ ಮಾತು ಆಗ ನೆನಪಾಯಿತು. ಅವರ ಕಾಲದ ಟೂರಿಂಗ್ ಟಾಕೀಸಿನಲ್ಲಿ ಆಟ ಬೇಗ ಮುಗಿಸಬೇಕಾದಾಗ ಆಪರೇಟರ್ ಒಂದು ಹಾಡನ್ನೇ ಕತ್ತರಿಸಿ ಪಕ್ಕಕ್ಕಿಡುತ್ತಿದ್ದನಂತೆ. ಜನ ಕುರ್ಚಿ ಮುರಿಯೋಕೆ ಹೋಗ್ತಿದ್ದರಂತೆ. ಆಮೇಲೆ ಎಷ್ಟು ನಾಜೂಕಾಗಿ ಅಂಟಿಸಿದರೂ ಅಲ್ಲೊಂದು ಹಾರು; ಪ್ರಿಂಟು ಹರಿದರೆ ಮೊದಲು ಹರಿಯೋದೂ ಅಲ್ಲೇ. ನಮ್ಮ ಹೀರೋನ ಒಂದು ಹಾಡು ಕತ್ತರಿಸಿದರೆ ರಕ್ತ ಕುದಿಯುವ ನಾವು, ನಮ್ಮ ಗಾಡಿಯ ಇಪ್ಪತ್ತು ವೈರು ಕತ್ತರಿಸಿದರೆ ಪಕ್ಕದಲ್ಲಿ ನಿಂತು ಟೀ ಕುಡೀತೀವಿ!

ಹಳಬರ ತಪ್ಪಿಲ್ಲ ಬಿಡಿ. 1930ರಲ್ಲಿ ಅಮೆರಿಕದ ಗ್ಯಾಲ್ವಿನ್ ಸೋದರರು ಕಾರಿಗೆ ರೇಡಿಯೋ ಕೂರಿಸಿ ಮಾರಿದರು. ‘ಮೋಟೊರೋಲಾ’ ಅನ್ನುವ ಹೆಸರು ಮೊದಲು ಹುಟ್ಟಿದ್ದು ಆ ಕಾರ್ ರೇಡಿಯೋಗೇ. ನಮ್ಮಲ್ಲಿ ಅಂಬಾಸಿಡರು, ಫಿಯೆಟ್ಟುಗಳ ಕಾಲದಲ್ಲಿ ಕ್ಯಾಸೆಟ್ ಪ್ಲೇಯರನ್ನು ಡ್ಯಾಶ್‌ಬೋರ್ಡಿನ ಕೆಳಗೆ ನೇತುಹಾಕುತ್ತಿದ್ದರು. 1987ರಲ್ಲಿ ರವಿಚಂದ್ರನ್–ಹಂಸಲೇಖ ಜೋಡಿಯ ‘ಪ್ರೇಮಲೋಕ’ದ ಕ್ಯಾಸೆಟ್ಟು ಬಂದಾಗ ಅದು ಮೊಳಗಿದ್ದು ಅಂಥ ಸೆಟ್ಟುಗಳಲ್ಲೇ. ಹಾಡಿಗೆ ಅಂತ ವೈರೇ ಬರದ ಗಾಡಿಯಲ್ಲಿ ಮೇಸ್ತ್ರಿ ತಾನೇ ವೈರು ಎಳೆದ, ತಾನೇ ತಿರುಚಿದ. ಕೈಗೆ ಅದೇ ಅಭ್ಯಾಸವಾಯಿತು. ಕಾಲ ಬದಲಾದರೂ ಕೈ ಬದಲಾಗಲಿಲ್ಲ.

ಈಗ ಎಲ್ಲಕ್ಕೂ ಅಳತೆ ಇದೆ. ಸೆಟ್ಟಿನ ಮುಖ ಒಂದು ಅಂಕಣದ್ದಾದರೆ 180 ಮಿಲಿಮೀಟರ್ ಅಗಲ, 50 ಎತ್ತರ. ಎರಡು ಅಂಕಣದ್ದಾದರೆ ಎತ್ತರ 100. ಅಂಗಡಿಯವರು ‘ಸಿಂಗಲ್ ಡಿನ್, ಡಬಲ್ ಡಿನ್’ ಅನ್ನೋದು ಇದಕ್ಕೇ. ಜರ್ಮನಿಯವರು ಮಾಡಿದ ಅಳತೆ. ಹಿಂದಿನ ಗೂಡೂ ಹಾಗೆಯೇ. ಸುಜುಕಿಯ ಹಲವು ಗಾಡಿಗೆ 20 ಪಿನ್ನಿನದು, ಟೊಯೊಟಾದ ಹಲವು ಗಾಡಿಗೆ 10 ಮತ್ತು 6 ಪಿನ್ನಿನ ಎರಡು, ಯುರೋಪಿನ ಅನೇಕ ಗಾಡಿಗೆ 8 ಪಿನ್ನಿನ ಎರಡು. ಒಂದೊಂದಕ್ಕೂ ಕಪ್ಲರ್ ಸಿಗುತ್ತೆ, ಜೆ.ಸಿ. ರಸ್ತೆಯಲ್ಲೂ ಎಸ್.ಪಿ. ರಸ್ತೆಯಲ್ಲೂ.

ಮತ್ತೆ ಕೆಂಪಾಪುರ

ನಾನೀಗ ಬರೆದು ಬದುಕುತ್ತೇನೆ. ಶೂಟಿಂಗ್ ವರದಿ, ಸಂದರ್ಶನ, ಕೊಟ್ಟಷ್ಟು ಕಾಲಂ. ಮೊನ್ನೆ ಮಾವನ ಫೋನು: “ಸೆಕೆಂಡ್ ಹ್ಯಾಂಡಲ್ಲಿ ಇನ್ನೊಂದು ಗಾಡಿ ತಗೊಂಡಿದೀನಿ. ಕಂಪನಿ ಸೆಟ್ಟು ಗೊಗ್ಗರು ಗೊಗ್ಗರು. ಬಂದು ಹೊಸದು ಹಾಕ್ಕೊಡು.”

“ಅಂಗಡಿಯೋರ್ ಹತ್ರ ಹಾಕ್ಸಿ ಮಾವ.”

“ನೀನೇ ಬಾ” ಅಂದು ಇಟ್ಟುಬಿಟ್ಟರು.

ಭಾನುವಾರ ಬೆಳಿಗ್ಗೆ ಹೋದೆ. ಈ ಸಲ ದಾರಿಯಲ್ಲೇ ಕಪ್ಲರ್ ತಗೊಂಡೆ, ನನ್ನ ದುಡ್ಡಲ್ಲಿ. ಮನೆ ಮುಂದೆ ಗಾಡಿ ನಿಲ್ಲಿಸಿ, ಮೊದಲು ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿದೆ. ಡ್ಯಾಶ್‌ಬೋರ್ಡಿನ ಪಟ್ಟಿಯನ್ನು ಸ್ಕ್ರೂಡ್ರೈವರಿನಿಂದ ಮೀಟಲಿಲ್ಲ, ಗೀರು ಬೀಳುತ್ತೆ. ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲಗೆ ಎಬ್ಬಿಸಿದೆ. ಒಳಗೆ ಹಳದಿ ಕೊಳವೆಯಲ್ಲಿ ಸುತ್ತಿದ ವೈರು ಕಂಡರೆ ಅದು ಏರ್‌ಬ್ಯಾಗಿನದು. ಅದಕ್ಕೆ ದೂರದಿಂದಲೇ ನಮಸ್ಕಾರ.

ನಾಲ್ಕು ಸ್ಕ್ರೂ ಬಿಚ್ಚಿದಾಗ ಹಳೆಯ ಸೆಟ್ಟು ಹೊರಬಂತು. ಅದರ ಬೆನ್ನಿನ ಗೂಡಿಗೆ ಒಂದು ಪುಟ್ಟ ನಾಲಗೆ. ಅದನ್ನು ಒತ್ತಿ ಎಳೆದರೆ ಇಡೀ ವೈರಿನ ಗೊಂಚಲು ಕೈಗೆ. ಒಂದೂ ಕತ್ತರಿಸಿರಲಿಲ್ಲ. ಹಿಂದಿನ ಮಾಲೀಕ ಯಾರೋ ಪುಣ್ಯಾತ್ಮ!

ಕಪ್ಲರನ್ನು ಗಾಡಿಗೆ ಸಿಕ್ಕಿಸುವ ಮೊದಲೇ, ಮೇಜಿನ ಮೇಲೆ ಇಟ್ಟುಕೊಂಡು ಅದನ್ನೂ ಸೆಟ್ಟಿನ ವೈರನ್ನೂ ಬಣ್ಣಕ್ಕೆ ಬಣ್ಣ ನೋಡಿ ಜೋಡಿಸಿದೆ. ಬೆಸುಗೆ ಹಾಕಬೇಕಾದರೆ ಇಲ್ಲೇ, ತಂದ ವೈರಿನಲ್ಲೇ; ಟೇಪಿನ ಬದಲು ಬಿಸಿ ಮಾಡಿದರೆ ಕುಗ್ಗಿ ಹಿಡಿಯುವ ಕೊಳವೆ. ಹಳದಿ ಬ್ಯಾಟರಿಗೆ, ಕೆಂಪು ಕೀಗೆ, ಕಪ್ಪು ಅರ್ಥಿಗೆ. ಬಿಳಿ ಮುಂದಿನ ಎಡ ಸ್ಪೀಕರು, ಬೂದಿ ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಕಪ್ಪು ಗೆರೆ ಇರೋದು ಮೈನಸ್ಸು. ಒಂದು ಸ್ಪೀಕರಿನ ಪ್ಲಸ್ಸು ಮೈನಸ್ಸು ಅದಲುಬದಲಾದರೂ ಒಂದು ಹೊರಕ್ಕೆ ತಳ್ಳುವಾಗ ಇನ್ನೊಂದು ಒಳಕ್ಕೆ ಎಳೆಯುತ್ತೆ, ಡಗ್ಗಾದ ಗುಂ ಮಾಯ! ಗಾಡಿ ಕಡೆಯ ಬಣ್ಣವನ್ನು ಮಾತ್ರ ನಂಬಲಿಲ್ಲ. ಕಂಪನಿಗೊಂದು ಬಣ್ಣ ಇರುತ್ತೆ, ಹಳದಿ ಕೆಂಪಿನ ಜಾಗ ಕೆಲವು ಗಾಡಿಯಲ್ಲಿ ಅದಲುಬದಲು ಇರುತ್ತೆ. ಬ್ಯಾಟರಿ ಒಂದು ಸಲ ಕೊಟ್ಟು, ಕೀ ಇಲ್ಲದೆ 12 ವೋಲ್ಟ್ ಎಲ್ಲಿ ಬರುತ್ತೆ, ಕೀ ತಿರುಗಿಸಿದಾಗ ಎಲ್ಲಿ ಬರುತ್ತೆ ಅಂತ ಮೀಟರ್ ಇಟ್ಟು ನೋಡಿದೆ. ಆಮೇಲೆ ಮತ್ತೆ ಬ್ಯಾಟರಿ ಬಿಚ್ಚಿ, ಎರಡು ಗೂಡನ್ನೂ ಎದುರುಬದುರು ಹಿಡಿದು ಒತ್ತಿದೆ.

ಟಕ್!

ಆ ಸದ್ದು ಕೇಳೋಕೆ ನನಗೆ ಹತ್ತು ವರ್ಷ ಬೇಕಾಯಿತು.

ಮಾವ ಡಬ್ಬಿ ತಿರುವಿ ನೋಡುತ್ತಾ, “ಇನ್ನೂರು ವ್ಯಾಟ್ ಅಂತ ಹಾಕಿದಾನೆ” ಅಂದರು. “ಬೆನ್ನಲ್ಲಿರೋ ಫ್ಯೂಸ್ ನೋಡಿ ಮಾವ, 10 ಆಂಪು. 14 ವೋಲ್ಟಿಂದ ಗುಣಿಸಿದ್ರೆ 140. ಒಳಗೆ ಹೋಗೋದೇ ಅಷ್ಟು, ಹೊರಗೆ ಇನ್ನೂರು ಹೆಂಗೆ ಬರುತ್ತೆ? ನಿಜವಾಗಿ ಒಂದೊಂದು ಸ್ಪೀಕರಿಗೆ ಇಪ್ಪತ್ತು ಚಿಲ್ಲರೆ.” ಮಾವ ನಕ್ಕರು: “ಪೋಸ್ಟರ್ ಬೇರೆ, ಪಿಚ್ಚರ್ ಬೇರೆ ಅನ್ನು!” ಅದಕ್ಕಿಂತ ಜೋರು ಬೇಕಾದರೆ ಬೇರೆ ಆಂಪ್ಲಿಫೈಯರ್ ಬೇಕು. ಅದಕ್ಕೆ ಬ್ಯಾಟರಿಯಿಂದಲೇ ದಪ್ಪ ವೈರು ಬೇರೆಯಾಗಿ ಎಳೆದು, ಬ್ಯಾಟರಿಯ ಪಕ್ಕದಲ್ಲೇ ಅದರ ಫ್ಯೂಸ್ ಹಾಕಬೇಕೇ ಹೊರತು ಸೆಟ್ಟಿನ ವೈರಿಗೆ ಗಂಟು ಹಾಕಬಾರದು.

ನಾಳೆ ಗಾಡಿ ಮಾರುವಾಗ ಈ ಸೆಟ್ಟು ಬಿಚ್ಚಿ, ಹಳೆಯದನ್ನು ಅದೇ ಗೂಡಿಗೆ ಒತ್ತಿದರೆ ಗಾಡಿ ಬಂದ ಹಾಗೇ. ನೀವೂ ಸೆಟ್ ಹಾಕಿಸೋಕೆ ಹೋದರೆ ಬಿಲ್ಲಿಗೆ ಮೊದಲು ಕಪ್ಲರನ್ನು ಕಣ್ಣಾರೆ ನೋಡಿ. ಹುಡುಗ ಕಟಿಂಗ್ ಪ್ಲೇಯರ್ ಎತ್ತಿಕೊಂಡು ಗಾಡಿಯೊಳಗೆ ಬಗ್ಗಿದರೆ ಕೈ ಹಿಡಿದುಕೊಳ್ಳಿ. ಅವನಿಗೂ ಎಲ್ಲೋ ಒಂದು ಫಸ್ಟ್ ಶೋ ಕಾಯ್ತಾ ಇರಬಹುದು!

ಹಾಡು ಬಂತು. ಮಾವ ಸ್ಟೀರಿಂಗ್ ಮೇಲೆ ತಾಳ ಹಾಕುತ್ತಿದ್ದರು, ಆ ಹೆಬ್ಬೆರಳಿನಿಂದ. ನನಗೆ ತಡೆಯಲಾಗಲಿಲ್ಲ.

“ಮಾವ, ಅವತ್ತು ಕಪ್ಲರ್ ದುಡ್ಡಲ್ಲಿ ನಾನು ಪಿಚ್ಚರಿಗೆ ಹೋದೆ.”

ತಾಳ ನಿಲ್ಲಲಿಲ್ಲ. “ಗೊತ್ತು” ಅಂದರು. “ಬಿಲ್ಲಲ್ಲಿ ಕಪ್ಲರ್ ಮುನ್ನೂರು ಅಂತ ಇತ್ತು. ಗಾಡೀಲಿ ಇರ್ಲಿಲ್ಲ. ಸರ್ವೀಸ್ ಹುಡುಗ ಅವತ್ತೇ ತೋರಿಸ್ದ.”

“ಮತ್ತೆ ಯಾಕೆ ಕೇಳ್ಲಿಲ್ಲ?”

“ಕೇಳಿದ್ರೆ ಸುಳ್ಳು ಹೇಳ್ತಿದ್ದೆ. ಆಮೇಲೆ ಮುಖ ತೋರ್ಸಕ್ಕಾಗ್ದೆ ಮನೆಗೆ ಬರೋದೇ ಬಿಡ್ತಿದ್ದೆ. ವೈರಾದ್ರೆ ಹೊಸದು ಹಾಕ್ಸಬಹುದು.”

ನಾನು ಜೇಬಿನಿಂದ ಮುನ್ನೂರು ರೂಪಾಯಿ ತೆಗೆದು ಮುಂದೆ ಹಿಡಿದೆ. ಬೇಡ ಅಂತಾರೆ, ತಬ್ಬಿಕೊಳ್ತಾರೆ, ಹಿಂದೆ ಪಿಟೀಲು ಕೇಳಿಸುತ್ತೆ ಅಂದುಕೊಂಡಿದ್ದೆ. ಮಾವ ಮೂರು ನೋಟನ್ನೂ ಎಣಿಸಿ ಜೇಬಿಗೆ ಹಾಕಿಕೊಂಡರು. ಗಾಡಿ ಸ್ಟಾರ್ಟ್ ಮಾಡಿ ಕಿಟಕಿಯಿಂದ ತಲೆ ಹೊರಹಾಕಿ ಕೇಳಿದರು:

“ಅದಿರ್ಲಿ, ಆ ಪಿಚ್ಚರ್ ನಿಂಗೆ ಅರ್ಥ ಆಯ್ತಾ?”

“ಪೂರ್ತಿ ಇನ್ನೂ ಇಲ್ಲ ಮಾವ!”